ಮೇಷ್ಟ್ರು ಏಳುವವರೆಗೆ

ಗೌಡಗೆರೆ
22 ಜೂನ್ 2024

ಶ್ರೀಮತಿ ಗಂಗಲಕ್ಷ್ಮಮ್ಮನವರಿಗೆ,

ನಮಸ್ಕಾರ. ಪರಿಚಯವಿಲ್ಲದವಳು ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಯಜಮಾನರು ಸಂಜೀವಯ್ಯ ಮೇಷ್ಟ್ರು ಇಂಗ್ಲಿಷ್ ಕಲಿಸುತ್ತಿದ್ದ ಶಾಲೆಗೆ ಈ ತಿಂಗಳು ಅತಿಥಿ ಶಿಕ್ಷಕಿಯಾಗಿ ಬಂದಿದ್ದೇನೆ. ಹೆಸರು ಶ್ರೀಲತಾ, ಊರು ಕೊರಟಗೆರೆ ಹತ್ತಿರ. ಇಲ್ಲೇ ಗೌಡಗೆರೆಯಲ್ಲಿ ರೂಮು ಮಾಡಿಕೊಂಡಿದ್ದೇನೆ. ನಿಮಗೆ ಫೋನ್ ಮಾಡೋಣವೆಂದು ಹೆಡ್‌ಮಾಸ್ಟರ್ ಮಹಾಲಿಂಗಯ್ಯನವರ ಹತ್ತಿರ ನಂಬರ್ ಕೇಳಿದೆ. "ಆಯಮ್ಮಂಗೆ ಕಿವಿ ಕೇಳಕಿಲ್ಲ ಕಣಮ್ಮ. ಕಾಗ್ದ ಬರಿ, ಚೆನ್ನಾಗಿ ಓದ್ಕತಾರೆ" ಎಂದು ಮಧುಗಿರಿ ವಿಳಾಸ ಕೊಟ್ಟರು.

ವಿಷಯ ಇಷ್ಟೇ. ಏಳನೇ ತರಗತಿಯಲ್ಲಿ ಪ್ರೆಸೆಂಟ್ ಕಂಟಿನ್ಯುಯಸ್ ಪಾಠಕ್ಕೆ ಬಂದು ಸಿಕ್ಕಿಹಾಕಿಕೊಂಡಿದ್ದೇನೆ. ಈಗ, ಕಣ್ಣೆದುರಿಗೆ ನಡೆಯುತ್ತಿರುವ ಕೆಲಸವನ್ನು ಹೇಳುವ ಪಾಠ. ಆಮ್, ಈಸ್, ಆರ್ ಮೂರರಲ್ಲಿ ಸರಿಯಾದದ್ದನ್ನು ಹಿಡಿದು, ಕೆಲಸದ ಪದಕ್ಕೆ ಇಂಗ್ ಸೇರಿಸಿದರೆ ವಾಕ್ಯ ಆಯಿತು. ಈ ಮಕ್ಕಳಿಗೆ ಅದು ಬರುತ್ತದೆ. ನೋಟ್‌ಬುಕ್ಕಿನಲ್ಲಿ ಒಂದು ತಪ್ಪಿಲ್ಲ. ನಾನು ಮೊದಲಿದ್ದ ಶಾಲೆಯಲ್ಲಿ ಮಕ್ಕಳು "ಐ ಆಮ್ ಹ್ಯಾವಿಂಗ್ ಟೂ ಬಫೆಲೋಸ್" ಎಂದು ಬರೆಯುತ್ತಿದ್ದರು, ಎಮ್ಮೆ ಈಗ ತಾನೇ ಮನೆಗೆ ಬರುತ್ತಿರುವ ಹಾಗೆ. ಇವರು "ಐ ಹ್ಯಾವ್" ಎಂದೇ ಬರೆಯುತ್ತಾರೆ. ಮೇಷ್ಟ್ರ ಶ್ರಮ ಅದರಲ್ಲಿ ಕಾಣುತ್ತದೆ.

ಆದರೆ ಬಾಯಿ ಬಿಡುವುದಿಲ್ಲ. ನಾನು ಕೋಣೆಯಲ್ಲಿ ಅತ್ತಿತ್ತ ನಡೆದು "ವಾಟ್ ಆಮ್ ಐ ಡೂಯಿಂಗ್?" ಎಂದು ಕೇಳಿದರೆ ಎಲ್ಲ ತಲೆಗಳೂ ಒಟ್ಟಿಗೆ ಬಗ್ಗುತ್ತವೆ. ಬೇರೆ ಪಾಠದಲ್ಲಿ ಇದೇ ಮಕ್ಕಳ ಗಲಾಟೆಗೆ ಹೆಂಚು ಹಾರಿಹೋಗಬೇಕು. ಈ ಪಾಠ ಬಂದರೆ ಮಾತ್ರ ಮೌನ. ಮೊನ್ನೆ ತೇಜಸ್ವಿನಿ ಎಂಬ ಹುಡುಗಿ ಅಳುತ್ತಾ ಹೊರಗೆ ಹೋದಳು. ಮೇಷ್ಟ್ರು ಇದನ್ನು ಹೇಗೆ ಹೇಳಿಕೊಡುತ್ತಿದ್ದರು ಎಂದು ನಿಮಗೇನಾದರೂ ಗೊತ್ತೇ? ಗೊತ್ತಿದ್ದರೆ ದಯವಿಟ್ಟು ಬರೆಯಿರಿ.

ಇಂತಿ,
ಶ್ರೀಲತಾ


ಮಧುಗಿರಿ
3 ಜುಲೈ 2024

ಶ್ರೀಲತಾ ಮೇಡಂ ಅವರಿಗೆ ಗಂಗಲಕ್ಷ್ಮಮ್ಮನ ನಮಸ್ಕಾರಗಳು.

ಪೋಸ್ಟ್‌ಮ್ಯಾನ್ ಬಾಗಿಲು ಬಡಿದು ಬಡಿದು ಸಾಕಾಗಿ ನಿಮ್ಮ ಕಾಗದವನ್ನು ಕಿಟಕಿಯಿಂದ ಎಸೆದು ಹೋಗಿದ್ದ. ಬೇಳೆ ತೊಳೆಯುತ್ತಿದ್ದವಳು ತಿರುಗಿ ನೋಡಿದರೆ ನೆಲದ ಮೇಲೆ ಬಿದ್ದಿತ್ತು. ಒದ್ದೆ ಕೈಯಲ್ಲೇ ಒಡೆದು ಓದಿದೆ. ಇವರ ಪಾಠದ ಬಗ್ಗೆ ಕೇಳಿ ಇಷ್ಟು ದಿನದಲ್ಲಿ ಬರೆದವರು ನೀವೊಬ್ಬರೇ. ನನಗೆಷ್ಟು ಸಂತೋಷವಾಯಿತೆಂದರೆ ಅವತ್ತು ಸಾರು ಕೆಟ್ಟುಹೋಯಿತು.

ಇವರ ಪಾಠ ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ಅದು ಹುಟ್ಟಿದ್ದೇ ನನ್ನ ಕಿವಿಯಿಂದ. ಮದುವೆಯಾಗಿ ಸ್ವಲ್ಪ ವರ್ಷಕ್ಕೇ ನನಗೆ ಕಿವಿ ಮಂದವಾಯಿತು. ಉಳಿದವರೆಲ್ಲ ನನ್ನ ಹತ್ತಿರ ಕೂಗುವುದನ್ನು ಕಲಿತರು. ಇವರು ಒಂದು ದಿನವೂ ಕೂಗಲಿಲ್ಲ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದರು. ಕಾಫಿ ಬೇಕಾದರೆ ಖಾಲಿ ಕೈಯಲ್ಲಿ ಲೋಟ ಹಿಡಿದು ಊದಿ ಊದಿ ಕುಡಿಯುವುದು. ಬಸ್ಸು ತಪ್ಪಿದ್ದರೆ ನಡುಮನೆಯಲ್ಲೇ ಚಪ್ಪಲಿ ಕೈಯಲ್ಲಿ ಹಿಡಿದು ಓಡುವುದು. ಅವರೇನು ಮಾಡುತ್ತಿದ್ದಾರೆಂದು ನಾನು ಇಂಗ್ಲಿಷಿನಲ್ಲಿ ಹೇಳಬೇಕು. "ಯು ಆರ್ ಡ್ರಿಂಕಿಂಗ್ ಕಾಫಿ" ಎಂದರೆ ಸಲಾಮು ಹೊಡೆಯುತ್ತಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಹೋದವಳು ನಾನು, ಆದರೆ ಈ ಒಂದು ಪಾಠದಲ್ಲಿ ನಿಮಗೇನೂ ಕಡಿಮೆಯಿಲ್ಲ. ಅದೇ ಆಟವನ್ನು ಶಾಲೆಗೆ ತೆಗೆದುಕೊಂಡು ಹೋದರು.

ಸುಮ್ಮನೆ ನಡೆದರೆ ಯಾವ ಮಗು ಬಾಯಿ ಬಿಡುತ್ತದೆ ಹೇಳಿ? ಬಿಸಿ ಮುದ್ದೆ ನುಂಗಿ ಬಾಯಿ ಸುಟ್ಟುಕೊಳ್ಳಿ. ತಾವಾಗಿಯೇ ಕೂಗುತ್ತಾರೆ.

ಇನ್ನೊಂದು ಕೆಲಸ ಹೇಳುತ್ತೇನೆ, ಇಲ್ಲವೆನ್ನಬೇಡಿ. ಇವರು ಶಿವರಾತ್ರಿಗೆ ಮುಂಚೆ ಶಾಲೆಯಲ್ಲೇ ಹೋಗಿಬಿಟ್ಟರು. ಮೇಜಿನ ಮೇಲೆ ಕುಸಿದ ಕೂಡಲೇ ಮಕ್ಕಳು ಓಡಿಬಂದು ಹೇಳಿದರು, ಏನೂ ಮಾಡಲಾಗಲಿಲ್ಲ ಎಂದು ಮಹಾಲಿಂಗಯ್ಯನವರು ನನಗೆ ಚೀಟಿಯಲ್ಲಿ ಬರೆದು ತೋರಿಸಿದರು. ಹನ್ನೊಂದನೇ ದಿನದ ಕಾರ್ಯಕ್ಕೆ ಮಕ್ಕಳು ಬರುತ್ತಾರೆಂದು ಅವರ ಪಾಲಿಗೂ ಅಡುಗೆ ಮಾಡಿಸಿದ್ದೆ. ಒಂದು ಮಗುವೂ ಬರಲಿಲ್ಲ. ದೂರವಾಯಿತೇನೋ, ಹೋಗಲಿ. ಅವತ್ತು ಮೊದಲು ಓಡಿದ ಮಗು ಯಾವುದು ಎಂದು ಕೇಳಿ ಬರೆಯಿರಿ. ಇವರ ಊಟದ ಸ್ಟೀಲ್ ಡಬ್ಬಿ ನನ್ನಲ್ಲಿದೆ. ಮುಚ್ಚಳದ ಮೇಲೆ ಇವರ ಹೆಸರು ಕೊರೆಸಿದ್ದೆ, ಕೆಳಗೆ ಜಾಗವಿದೆ. ಅಲ್ಲಿ ಆ ಮಗುವಿನ ಹೆಸರು ಕೊರೆಸಿ ಕೊಡಬೇಕೆಂದು ಆಸೆ. ನಮಗೆ ಮಕ್ಕಳಿಲ್ಲ.

ನಿಮ್ಮ ಹಿತ ಬಯಸುವ,
ಗಂಗಲಕ್ಷ್ಮಮ್ಮ


ಗೌಡಗೆರೆ
14 ಜುಲೈ 2024

ಗಂಗಲಕ್ಷ್ಮಮ್ಮನವರಿಗೆ ನಮಸ್ಕಾರ.

ನಿಮ್ಮ ಮಾತು ಕೇಳಿ ಮುದ್ದೆ ನುಂಗಿದೆ. ಬಾಯಿ ಸುಟ್ಟುಕೊಂಡೆ, ನೀರಿಗಾಗಿ ತಡಕಾಡಿದೆ, ಸೆರಗಿನಿಂದ ಗಾಳಿ ಹಾಕಿಕೊಂಡೆ. ಮೊದಲು ಮೋಹನ್ ಕುಮಾರ್ ಕಿಸಕ್ಕೆಂದ. ಆಮೇಲೆ ಎರಡನೇ ಸಾಲಿನಿಂದ ಪ್ರಿಯಾಂಕ ಸಣ್ಣ ದನಿಯಲ್ಲಿ "ಮೇಡಂ ಈಸ್ ಈಟಿಂಗ್" ಅಂದಳು. ನಾನು ಹಿಗ್ಗಿ ಹೀರೇಕಾಯಿಯಾದೆ. ನಾನೇ ಮೊದಲ ಸಲ ಬಾಯಿ ಬಿಟ್ಟ ಹಾಗಾಯಿತು. ಇದೆಲ್ಲ ನಿಮ್ಮಿಂದ.

ಒಂದು ಮಾತ್ರ ಅರ್ಥವಾಗಲಿಲ್ಲ. ಅವತ್ತು ಮೊದಲು ಓಡಿದವರು ಯಾರೆಂದು ತರಗತಿಯಲ್ಲಿ ಕೇಳಿದೆ, ಡಬ್ಬಿಯ ಸಂಗತಿಯನ್ನೂ ಹೇಳಿದೆ. ಮತ್ತೆ ಎಲ್ಲರೂ ಮೊದಲಿನ ಹಾಗೆ ತಲೆ ತಗ್ಗಿಸಿದರು. ತೇಜಸ್ವಿನಿ ಎದ್ದು ಹೊರಟೇಹೋದಳು. ಮಹಾಲಿಂಗಯ್ಯನವರನ್ನು ಕೇಳಿದರೆ "ಆಗಿದ್ದಾಯ್ತು, ಅದ್ನ್ಯಾಕೆ ಕೆದಕ್ತೀರಿ ಬುಡಿ" ಅಂದರು. ನಾಚಿಕೆಯಿರಬೇಕು. ನಿಧಾನವಾಗಿ ಕೇಳಿ ತಿಳಿದು ಬರೆಯುತ್ತೇನೆ.

ಮೇಷ್ಟ್ರು ಪಾಠವನ್ನು ಎಲ್ಲಿಗೆ ಮುಗಿಸುತ್ತಿದ್ದರು? ಮುದ್ದೆ, ಬಸ್ಸು, ಕಾಫಿ ಆದಮೇಲೆ ಏನು? ನನ್ನನ್ನು ನೀವು ಎನ್ನಬೇಡಿ, ನಿಮ್ಮ ಮಗಳ ವಯಸ್ಸಿನವಳು.

ಶ್ರೀಲತಾ


ಮಧುಗಿರಿ
25 ಜುಲೈ 2024

ಪ್ರೀತಿಯ ಶ್ರೀಲತಾಳಿಗೆ,

ಸರಿ ಕಣಮ್ಮ, ಇನ್ನು ಮೇಲೆ ನೀನೇ. ಬಾಯಿ ಸುಟ್ಟುಕೊಂಡೆ ಎಂದು ಓದಿ ಒಬ್ಬಳೇ ನಕ್ಕೆ. ಇವರು ಹೋದಮೇಲೆ ಈ ಮನೆಯಲ್ಲಿ ಹಾಗೆ ನಕ್ಕಿರಲಿಲ್ಲ.

ಕೊನೆಯದು ನಿದ್ದೆ. ಅದರಲ್ಲಿ ಇವರನ್ನು ಮೀರಿಸುವವರಿಲ್ಲ. ಆಕಳಿಸಿ, ಕನ್ನಡಕ ತೆಗೆದಿಟ್ಟು, ಮೇಜಿನ ಮೇಲೆ ತಲೆಯಿಟ್ಟರೆ ಮುಗಿಯಿತು. "ಸರ್ ಈಸ್ ಸ್ಲೀಪಿಂಗ್" ಎಂದು ಎಲ್ಲ ಮಕ್ಕಳೂ ಒಟ್ಟಿಗೆ ಕೂಗಬೇಕು. ಒಬ್ಬನ ದನಿ ಕಡಿಮೆಯಾದರೂ ಏಳುವುದಿಲ್ಲ. ಮುಟ್ಟಿ ಎಬ್ಬಿಸಿದರೆ ಆಟ ಕೆಟ್ಟಹಾಗೆ, ಮೊದಲಿನಿಂದ ಶುರು. ಮನೆಯಲ್ಲೂ ಅದೇ ಕಾನೂನು. ನಾನು ಭುಜ ಹಿಡಿದು ಅಲುಗಿಸಿದರೆ ಒಂದು ಕಣ್ಣು ತೆರೆದು ಬೆರಳಾಡಿಸುತ್ತಿದ್ದರು, ಮುಟ್ಟಬಾರದು, ಹೇಳಬೇಕು ಅಂತ. ಮಕ್ಕಳು ಕೂಗಿ ಕೂಗಿ ಗಂಟಲು ಕಟ್ಟುವವರೆಗೂ ಬಿಡುವುದಿಲ್ಲವಂತೆ. ಆಮೇಲೆ ದಡಕ್ಕನೆ ಎದ್ದು "ಐ ಆಮ್ ನಾಟ್ ಸ್ಲೀಪಿಂಗ್!" ಅಂತ ಅಬ್ಬರಿಸಿದರೆ ಕೊನೆಯ ಸಾಲಿನವರು ಬೆಂಚಿನಿಂದ ಬೀಳುತ್ತಿದ್ದರಂತೆ.

ನೀನೂ ಹಾಗೇ ಮಾಡು. ಹಾಗೆಯೇ ಆ ಮಗುವಿನ ಹೆಸರು ಬರೆ. ಪಾತ್ರೆ ಅಂಗಡಿಯವನಿಗೆ ಹೇಳಿಟ್ಟಿದ್ದೇನೆ, ಹೆಸರು ಕೊಟ್ಟರೆ ನಿಂತ ಹಾಗೇ ಕೊರೆದುಕೊಡುತ್ತೇನೆ ಅಂದಿದ್ದಾನೆ. ಡಬ್ಬಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಇಟ್ಟಿದ್ದೇನೆ.

ಗಂಗಲಕ್ಷ್ಮಮ್ಮ


ಗೌಡಗೆರೆ
30 ಆಗಸ್ಟ್ 2024

ಅಮ್ಮನವರಿಗೆ,

ತಡವಾಯಿತು, ಕ್ಷಮಿಸಿ. ಸ್ವಾತಂತ್ರ್ಯ ದಿನದ ಕವಾಯತು, ಆಮೇಲೆ ಪ್ರತಿಭಾ ಕಾರಂಜಿ, ಹೀಗೇ ಕೆಲಸ. ಪಾಠ ಸದ್ಯಕ್ಕೆ ಮುದ್ದೆಯ ಹತ್ತಿರವೇ ನಿಂತಿದೆ. ನಿದ್ದೆಯದನ್ನು ಮಾಡಲಿಲ್ಲ.

ಡಬ್ಬಿ ನಿಮ್ಮ ಹತ್ತಿರವೇ ಇರಲಿ. ಹೆಸರಿನ ವಿಚಾರ ಮುಂದೆ ನೋಡೋಣ. ಆರೋಗ್ಯ ಚೆನ್ನಾಗಿ ನೋಡಿಕೊಳ್ಳಿ.

ಶ್ರೀಲತಾ


ಮಧುಗಿರಿ
12 ಸೆಪ್ಟೆಂಬರ್ 2024

ಶ್ರೀಲತಾ,

ಗೌರಿ ಹಬ್ಬ ಕಳೆಯಿತು. ಬೀದಿಯ ಹೆಣ್ಣುಮಕ್ಕಳು ಮೊರದ ಬಾಗಿನ ಹಿಡಿದುಕೊಂಡು ಮನೆ ಮನೆಗೆ ಹೋಗುವಾಗ ನಾನು ಒಳಗೆ ಕೂತು ನಿನ್ನ ಕಾಗದವನ್ನು ಮತ್ತೆ ಓದಿದೆ. ಓದುವುದಕ್ಕೆ ಅದರಲ್ಲೇನೂ ಇರಲಿಲ್ಲ. ಬಾಯಿ ತುಂಬ ಮಾತಾಡುವವಳು ಯಾಕೆ ಹೀಗೆ ಬರೆದಳು ಎಂದು ಯೋಚಿಸಿದೆ, ಆಮೇಲೆ ಹೊಳೆಯಿತು.

ಮೊದಲು ಓಡಿದ್ದು ಹೆಣ್ಣುಮಗು, ಅಲ್ಲವೇ? ಗಂಡ ಸತ್ತವಳ ಕೈಯಿಂದ ಹೆಣ್ಣುಮಗುವಿಗೆ ಉಡುಗೊರೆ ಬೇಡವೆಂದು ಮನೆಯವರು ಅಂದಿದ್ದಾರೆ. ಅದನ್ನು ನನಗೆ ಹೇಳಲಾರದೆ ನೀನು ಕವಾಯತು ಕಾರಂಜಿ ಎಂದು ಸುತ್ತಿ ಬಳಸುತ್ತಿದ್ದೀಯ. ನನಗಿದು ಹೊಸದಲ್ಲ ತಾಯಿ. ಸ್ವಂತ ವಾರಗಿತ್ತಿ ಮಗಳ ಸೀಮಂತಕ್ಕೆ ನನ್ನನ್ನು ಕರೆಯಲಿಲ್ಲ. ಆದರೆ ಇದು ಇವರ ಡಬ್ಬಿ, ನನ್ನದಲ್ಲ. ನನ್ನ ಕೈ ಬೇಡವಾದರೆ ನೀನೇ ಅಂಗಡಿಯಲ್ಲಿ ಕೊಂಡೆನೆಂದು ಹೇಳಿ ಕೊಡು. ನನ್ನ ಹೆಸರು ಎತ್ತಲೇಬೇಡ. ಮಗುವಿನ ಹೆಸರು ಒಂದು ಬರೆ, ಸಾಕು.

ಗಂಗಲಕ್ಷ್ಮಮ್ಮ


ಗೌಡಗೆರೆ
19 ಸೆಪ್ಟೆಂಬರ್ 2024

ಅಮ್ಮ,

ಅಂಥ ಮಾತನ್ನು ಇಲ್ಲಿ ಯಾರೂ ಆಡಿಲ್ಲ. ನೀವು ಹಾಗೆ ತಿಳಿದು ನೊಂದುಕೊಳ್ಳುವಂತೆ ಮಾಡಿದವಳು ನಾನು. ಸುಮ್ಮನಿದ್ದರೆ ನಿಮಗೆ ಒಳ್ಳೆಯದು ಎಂದುಕೊಂಡಿದ್ದೆ. ಇನ್ನು ಆಗುವುದಿಲ್ಲ, ಹೇಳಿಬಿಡುತ್ತೇನೆ. ದಯವಿಟ್ಟು ಕೂತುಕೊಂಡು ಓದಿ.

ಅವತ್ತು ಯಾವ ಮಗುವೂ ಓಡಲಿಲ್ಲ.

ನಿದ್ದೆಯ ಆಟದ ಬಗ್ಗೆ ನೀವು ಬರೆದಿದ್ದನ್ನು ಓದಿದಾಗಲೇ ನನಗೆ ಅನುಮಾನ ಬಂದಿತ್ತು. ಮಾರನೆಯ ದಿನ ತೇಜಸ್ವಿನಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿದೆ. ಆಗ ಇವರು ಆರನೇ ತರಗತಿ, ಕೋಣೆ ಇದೇ. ಬಿಸಿಯೂಟ ಆದಮೇಲಿನ ಮೊದಲ ಪಾಠ ಅದು. ಮೇಷ್ಟ್ರು ಕಾಫಿ ಕುಡಿದು ತೋರಿಸಿದರಂತೆ, ಬಸ್ಸಿಗೆ ಓಡಿದರಂತೆ. ಆಮೇಲೆ ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದು ಮೇಜಿನ ಮೇಲೆ ತಲೆಯಿಟ್ಟರು. ಮಕ್ಕಳು ಕೂಗಿದರು. ಏಳಲಿಲ್ಲ. ಯಾರೋ ಸರಿಯಾಗಿ ಕೂಗುತ್ತಿಲ್ಲವೆಂದು ಹಿಂದಿನ ಸಾಲಿನ ಪ್ರಭುದೇವನಿಂದ ಬೇರೆಯಾಗಿ ಹೇಳಿಸಿದರು. ಹುಡುಗರೆಲ್ಲ ಒಂದು ಸಲ, ಹುಡುಗಿಯರೆಲ್ಲ ಒಂದು ಸಲ ಕೂಗಿದರು. ಮೇಷ್ಟ್ರು ಇವತ್ತು ಭಾರೀ ಚೆನ್ನಾಗಿ ಮಾಡುತ್ತಿದ್ದಾರೆಂದು ನಕ್ಕರು, ಚಪ್ಪಾಳೆ ತಟ್ಟಿದರು. ತೇಜಸ್ವಿನಿಗೆ ಏನೋ ಅನ್ನಿಸಿ ಎದ್ದು ಮೇಜಿನವರೆಗೂ ಹೋಗಿದ್ದಳು. "ಮುಟ್ಬ್ಯಾಡ ಕಣೇ, ಆಟ ಕೆಟ್ಟೋಯ್ತದೆ" ಎಂದು ಎಲ್ಲರೂ ಕೂಗಿದರು. ವಾಪಸು ಬಂದು ಕೂತಳು. ಗಂಟೆ ಹೊಡೆಯುವವರೆಗೂ ಕೂಗುತ್ತಲೇ ಇದ್ದರು. ಮುಂದಿನ ಪಾಠಕ್ಕೆ ಬಂದ ಮಹಾಲಿಂಗಯ್ಯನವರು ಮುಟ್ಟಿ ನೋಡಿದರು.

ನಿಮಗೆ ಗೊತ್ತಾಗಬಾರದೆಂದು ಅವರೇ ಮಕ್ಕಳ ಬಾಯಿ ಮುಚ್ಚಿಸಿದ್ದಾರೆ. ನಿಮಗೆ ಮುಖ ತೋರಿಸಲಾರದೆ ಮಕ್ಕಳು ಕಾರ್ಯಕ್ಕೆ ಬರಲಿಲ್ಲ. ಅಮ್ಮ, ಅವು ಮಕ್ಕಳು. ಮೇಷ್ಟ್ರು ಹೇಳಿದ ಹಾಗೆ ಮಾಡಿದವು.

ಶ್ರೀಲತಾ


ಪಾವಗಡ
14 ಅಕ್ಟೋಬರ್ 2024

ಶ್ರೀಲತಾ ಮೇಡಂ ಅವರಿಗೆ,

ನಿಮ್ಮ ಕಾಗದ ತಲುಪಿತು. ಮಧುಗಿರಿ ಮನೆಗೆ ಬೀಗ ಹಾಕಿ ಪಾವಗಡದಲ್ಲಿ ನನ್ನ ತಮ್ಮ ತಿಮ್ಮರಾಜು ಮನೆಗೆ ಬಂದಿದ್ದೇನೆ.

ಅವತ್ತು ಶಿರಾದಲ್ಲಿ ನೋಡಿದ ಡಾಕ್ಟರು ನಮ್ಮ ಮೈದುನನ ಮಗ ಕಿರಣನಿಗೆ ಒಂದು ಮಾತು ಹೇಳಿದ್ದರಂತೆ, ಸ್ವಲ್ಪ ಮುಂಚೆ ತಂದಿದ್ದರೆ ಪ್ರಯತ್ನ ಮಾಡಬಹುದಿತ್ತು ಅಂತ. ಮಕ್ಕಳು ಓಡಿಬಂದರೂ ದಾರಿಯಲ್ಲೇ ತಡವಾಯಿತೆಂದು ನಾನು ಇಷ್ಟು ದಿನ ಆ ರಸ್ತೆಗೆ ಶಾಪ ಹಾಕಿಕೊಂಡು ಕೂತಿದ್ದೆ. ಪಾಪ, ರಸ್ತೆಯದೇನೂ ತಪ್ಪಿರಲಿಲ್ಲ.

ಅವು ಮಕ್ಕಳು ಅಂತ ಬರೆದಿದ್ದೀರಿ. ನಾನು ಕಿವುಡಿ, ಮೇಡಂ. ಆ ಮಕ್ಕಳಿಗೆ ಕಣ್ಣೂ ಇರಲಿಲ್ಲವೇ? ಗಂಟೆ ಹೊಡೆಯುವವರೆಗೂ ಚಪ್ಪಾಳೆ ತಟ್ಟಿದರಂತೆ. ಕಾರ್ಯದ ದಿನ ಅವರಿಗೆಂದು ಮಾಡಿಸಿದ ಅಡುಗೆಯನ್ನು ನಾನೇ ನಿಂತು ಬಡಿಸಬೇಕೆಂದಿದ್ದೆ. ಹೊಟ್ಟೆ ಉರಿಯುತ್ತದೆ.

ಮಹಾಲಿಂಗಯ್ಯನವರ ಸುಳ್ಳೇ ಚೆನ್ನಾಗಿತ್ತು. ಇನ್ನು ಮುಂದೆ ನನಗೆ ಬರೆಯಬೇಡಿ.

ಗಂಗಲಕ್ಷ್ಮಮ್ಮ


ಗೌಡಗೆರೆ
25 ನವೆಂಬರ್ 2024

ಅಮ್ಮನವರಿಗೆ,

ಬರೆಯಬೇಡಿ ಎಂದಿದ್ದೀರಿ. ಬರೆಯುತ್ತಿದ್ದೇನೆ. ಹರಿದುಹಾಕಿದರೂ ಬೇಸರವಿಲ್ಲ.

ತೇಜಸ್ವಿನಿ ಶಾಲೆ ಬಿಟ್ಟಿದ್ದಾಳೆ. ಕೇಳಿಕೊಂಡು ಮನೆಗೆ ಹೋದರೆ ಜಗಲಿಯಲ್ಲಿ ಹೆಂಗಸರ ಜೊತೆ ಕೂತು ಬಳ್ಳಿಯಿಂದ ಕಡಲೇಕಾಯಿ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಅಮ್ಮ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಮನೇಲಿ ಯಾರೂ ಮಲಗಂಗಿಲ್ಲ ಮೇಡಂ. ಯಾರು ಕಣ್ಣು ಮುಚ್ಚಿದ್ರೂ ಹೋಗಿ ಅಲ್ಲಾಡುಸ್ತಾಳೆ. ಹಸುಗೂಸನ್ನೂ ಬುಡಕಿಲ್ಲ. ಅವ್ಳ ಅಪ್ಪ ಹೊಡ್ದೂ ಆಯ್ತು, ಪಟ್ಟನಾಯಕನಹಳ್ಳಿ ಮಠಕ್ಕೆ ಕರ್ಕೊಂಡೋಗಿ ತಾಯ್ತ ಕಟ್ಸಿದ್ದೂ ಆಯ್ತು. ಇನ್ನೇನ್ ಮಾಡಾನ?"

ಅವಳಿಗೆ ಹನ್ನೆರಡು ವರ್ಷ. ನಿಮ್ಮನ್ನು ಏನೂ ಕೇಳುತ್ತಿಲ್ಲ ಅಮ್ಮ. ಈ ಊರಿನಲ್ಲಿ ಯಾರ ಹತ್ತಿರವೂ ಹೇಳುವ ಹಾಗಿಲ್ಲ, ಅದಕ್ಕೆ ನಿಮಗೆ ಹೇಳಿದೆ.

ಶ್ರೀಲತಾ


ಗೌಡಗೆರೆ
18 ಜನವರಿ 2025

ಅಮ್ಮನವರಿಗೆ,

ಸಂಕ್ರಾಂತಿಯ ಎಳ್ಳು ಬೆಲ್ಲ ಸ್ವಲ್ಪ ಕಳಿಸಿದ್ದೇನೆ. ನಾನೇ ಹುರಿದದ್ದು, ಕಡಲೇಬೀಜ ಒಂದಿಷ್ಟು ಸೀದಿದೆ. ತೇಜಸ್ವಿನಿ ಇನ್ನೂ ಬಂದಿಲ್ಲ.

ಶ್ರೀಲತಾ


ಮಧುಗಿರಿ
4 ಮಾರ್ಚ್ 2025

ಶ್ರೀಲತಾಳಿಗೆ ಗಂಗಲಕ್ಷ್ಮಮ್ಮ ಮಾಡುವ ಆಶೀರ್ವಾದಗಳು.

ಕಳೆದ ಶುಕ್ರವಾರ ನೀನು ಶಿರಾಕ್ಕೆ ತರಬೇತಿಗೆ ಹೋಗಿದ್ದಾಗ ನಾನು ನಿಮ್ಮ ಶಾಲೆಗೆ ಬಂದಿದ್ದೆ. ಮಹಾಲಿಂಗಯ್ಯನವರು ಇಷ್ಟರಲ್ಲೇ ಹೇಳಿರುತ್ತಾರೆ. ಅವರು ದೂರದಿಂದ ನೋಡಿದ್ದನ್ನು ಹೇಳಿರುತ್ತಾರೆ. ನಾನು ಹೇಳುವುದನ್ನೂ ಕೇಳು.

ಮೊದಲು ಪಾವಗಡದ ಒಂದು ಸಂಗತಿ. ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ನನಗೆ ಜ್ವರ ಏರಿ ಮಲಗಿದ ಕಡೆಯೇ ಎಚ್ಚರ ತಪ್ಪಿದೆ. ಮನೆ ತುಂಬ ಜನ ಇದ್ದರು. "ಅಕ್ಕ ನಿದ್ರಪೋಯಿಂದಿ, ಲೇಪೊದ್ದು" ಎಂದು, ಅಕ್ಕ ಮಲಗಿದ್ದಾಳೆ ಎಬ್ಬಿಸಬೇಡಿ ಅಂತ, ಅವರ ಮನೆಯ ತೆಲುಗಿನಲ್ಲಿ ಹೇಳಿ ತಮ್ಮನ ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ಕೂಡ ಸದ್ದಾಗದ ಹಾಗೆ ಇಟ್ಟಳಂತೆ. ಕಿವುಡಿಗೆ! ತಿಮ್ಮರಾಜು ಪಕ್ಕದಲ್ಲೇ ಕೂತು ಪೇಪರ್ ಓದಿ ಎದ್ದುಹೋದನಂತೆ. ದೀಪ ಹಚ್ಚುವ ಹೊತ್ತಿಗೆ ಕಾಫಿ ಕೊಡಲು ಬಂದವಳ ಕೈ ನನ್ನ ಹಣೆಗೆ ತಾಗಿತು, ಆಗ ಮನೆಯಲ್ಲಿ ಗಾಬರಿ ಬಿತ್ತು. ಅವರೆಲ್ಲ ದೊಡ್ಡವರು, ನನ್ನ ಮೇಲೆ ಜೀವ ಇಟ್ಟವರು. ಅವರಿಗೂ ಗೊತ್ತಾಗಲಿಲ್ಲ. ಜ್ವರ ಬಿಟ್ಟಮೇಲೆ ನಿನ್ನ ನವೆಂಬರಿನ ಕಾಗದ ತೆಗೆದು ಓದಿದೆ. ಅದನ್ನು ಹರಿದಿರಲಿಲ್ಲ.

ಮಧುಗಿರಿಗೆ ಬಂದು ಕಿರಣನ ಕೈಯಲ್ಲಿ ಇವರ ವರ್ಷದ ಕಾರ್ಯ ಮಾಡಿಸಿದೆ. ಎಡೆಯಲ್ಲಿ ಮುದ್ದೆ, ಅವರೇಕಾಳು ಸಾರು ಇಟ್ಟೆ. ಶಿವರಾತ್ರಿ ಕಳೆದು ಬಸ್ಸು ಹತ್ತಿದೆ. ನಿನಗೆ ತಿಳಿಸಲಿಲ್ಲ, ದಾರಿಯಲ್ಲಿ ಮನಸ್ಸು ಕೆಟ್ಟರೆ ಶಿರಾದಿಂದಲೇ ಹಿಂದಕ್ಕೆ ಹೋಗೋಣವೆಂದಿದ್ದೆ.

ಮಹಾಲಿಂಗಯ್ಯನವರು ನನ್ನನ್ನು ನೋಡಿ ಬಿಳಿಚಿಕೊಂಡರು. "ಆ ಹುಡುಗೀನ ಕರ್ಸಿ" ಅಂದೆ. ಅವಳಮ್ಮ ಎಳೆದುಕೊಂಡು ಬಂದಳು. ಕಡ್ಡಿಯ ಹಾಗಿದ್ದಾಳೆ, ಉಗುರಿನ ತುಂಬ ಮಣ್ಣು. ಏಳನೇ ತರಗತಿಗೆ ಹೋದೆ. ಅದೇ ಮೇಜು, ಅದೇ ಕುರ್ಚಿಯಂತೆ. ನಾನು ಯಾರೆಂದು ಹೇಳಬೇಕಾಗಲಿಲ್ಲ. ಬೈಯುತ್ತೇನೆಂದು ಕಾದು ನಿಂತಿದ್ದರು. ಬೈಯಬೇಕೆಂದೇ ಬಸ್ಸಿನಲ್ಲಿ ಎಷ್ಟೋ ಮಾತು ಜೋಡಿಸಿಕೊಂಡು ಬಂದಿದ್ದೆ. ಆ ಮುಖಗಳನ್ನು ನೋಡಿದಮೇಲೆ ಒಂದೂ ಬಾಯಿಗೆ ಬರಲಿಲ್ಲ.

ನನಗೆ ಬರುವುದು ಅದೊಂದೇ ಪಾಠ ತಾನೇ. ಕಾಫಿ ಕುಡಿದೆ. ಬಸ್ಸಿಗೆ ಓಡಿದೆ, ಮಂಡಿ ನೋವಿನಲ್ಲಿ ಎಷ್ಟು ಓಡಲಾಗುತ್ತದೋ ಅಷ್ಟು. ಯಾರೂ ನಗಲಿಲ್ಲ. ಆಮೇಲೆ ಇವರ ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದು, ಮೇಜಿನ ಮೇಲೆ ತಲೆಯಿಟ್ಟೆ.

ನಿನಗೆ ಇದು ಗೊತ್ತಿರಲಿ ಶ್ರೀಲತಾ. ಕಣ್ಣು ಮುಚ್ಚಿದರೆ ನನಗೆ ಲೋಕವೇ ಇಲ್ಲ. ಅವರು ಕೂಗಿದರೋ, ಅತ್ತರೋ, ಎಲ್ಲರೂ ಎದ್ದು ಹೊರಗೆ ಹೋದರೋ, ಒಂದೂ ತಿಳಿಯುವಂತಿಲ್ಲ. ಮರದ ವಾಸನೆ, ಸೀಮೆಸುಣ್ಣದ ಪುಡಿ, ಅಷ್ಟೇ. ಇವರ ಕೆನ್ನೆ ಇಲ್ಲೇ ಇತ್ತಲ್ಲ ಎಂದುಕೊಂಡೆ. ಅಳು ಬಂತು. ತಲೆ ಎತ್ತಲಿಲ್ಲ.

ಆಗ ಭುಜದ ಮೇಲೆ ಒಂದು ಕೈ ಬಿತ್ತು. ಮೆಲ್ಲಗೆ ಅಲ್ಲ, ಸೆರಗು ಹರಿಯುವ ಹಾಗೆ ಹಿಡಿದು ಅಲ್ಲಾಡಿಸಿತು. ಅದರ ಹಿಂದೆಯೇ ಇನ್ನೊಂದು, ಮತ್ತೊಂದು. ಬೆನ್ನಿನ ಮೇಲೆ, ತೋಳಿನ ಮೇಲೆ ಎಷ್ಟು ಕೈಗಳು! ತಲೆ ಎತ್ತಿ ನೋಡಿದರೆ ತೇಜಸ್ವಿನಿ ಬಾಯಿ ದೊಡ್ಡದಾಗಿ ತೆರೆದು ಏನೋ ಕೂಗುತ್ತಿದ್ದಳು. ತುಟಿ ಓದಿದೆ. "ಏಳಮ್ಮ, ಏಳಮ್ಮ" ಅನ್ನುತ್ತಿದ್ದಳು. ಕನ್ನಡದಲ್ಲಿ. "ನೋಡು, ಎದ್ದೆ" ಅಂದೆ. ನನ್ನ ಮಡಿಲಿನಲ್ಲಿ ಮುಖ ಇಟ್ಟವಳು ಎಷ್ಟು ಹೊತ್ತಾದರೂ ಬಿಡಲಿಲ್ಲ. ಉಳಿದವೂ ಸುತ್ತ ಕೂತು ಅತ್ತವು. ಪ್ರಭುದೇವ ಅಂತೀಯಲ್ಲ, ಹಿಂದಿನ ಸಾಲಿನವನು, ಅವನನ್ನು ಸಮಾಧಾನ ಮಾಡುವುದೇ ಕಷ್ಟವಾಯಿತು.

ನನ್ನ ಕೋಪ ಪೂರ್ತಿ ಹೋಯಿತು ಎಂದು ಸುಳ್ಳು ಹೇಳುವುದಿಲ್ಲ. ಆ ಕೈಗಳು ಮೈಮೇಲೆ ಬಿದ್ದಾಗ, ಅವತ್ತು ಒಂದೇ ಒಂದು ಕೈ ಹೀಗೆ ಬಿದ್ದಿದ್ದರೆ ಎಂದು ಅನ್ನಿಸಿತು. ಸಾಯುವವರೆಗೂ ಅನ್ನಿಸುತ್ತದೆ. ಆದರೆ ಮುಟ್ಟಬೇಡಿ ಎಂದವರು ಇವರೇ. ಇವರಿಗೆ ಆ ಆಟ ಕಲಿಸಿದ್ದು ನನ್ನ ಕಿವಿ. ಯಾರನ್ನು ಬೈಯಲಿ? ಮಕ್ಕಳ ದನಿ ಕೇಳುತ್ತಾ ಹೋದರು, ಆ ಮೇಜಿನ ಮೇಲೆ ನನಗಾದ ಹಾಗೆ ಸದ್ದಿಲ್ಲದ ಕತ್ತಲಲ್ಲಿ ಹೋಗಲಿಲ್ಲ ಎಂದುಕೊಳ್ಳುತ್ತೇನೆ. ಕೆಲವು ದಿನ ನಂಬಿಕೆ ಬರುತ್ತದೆ, ಕೆಲವು ದಿನ ಬರುವುದಿಲ್ಲ.

ಇದರ ಜೊತೆ ಡಬ್ಬಿ ಕಳಿಸಿದ್ದೇನೆ. ಹೆಸರು ಕೊರೆಸಿದ್ದೇನೆ. ಅಂಗಡಿಯವನು "ಇಷ್ಟು ದಿನ ಆಯಿತಲ್ಲಮ್ಮ, ಹೆಸರು ಈಗ ಸಿಕ್ತಾ?" ಎಂದು ಕೈಸನ್ನೆಯಲ್ಲೇ ಕೇಳಿದ. ಸಿಕ್ಕಿತು ಎಂದೆ. ಬಿಸಿಯೂಟಕ್ಕೆ ಅವಳು ಅದನ್ನೇ ಹಿಡಿಯಲಿ. ಹಿಡಿದಳೋ ಇಲ್ಲವೋ ನೋಡಿ ಬರೆ.

ನಿನ್ನ ಅಮ್ಮ ಎಂದೇ ತಿಳಿ,
ಗಂಗಲಕ್ಷ್ಮಮ್ಮ


ಗೌಡಗೆರೆ
10 ಮಾರ್ಚ್ 2025

ಅಮ್ಮ,

ಇದನ್ನು ಶಾಲೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಊಟದ ಹೊತ್ತು. ಮಕ್ಕಳು ಸಾಲಾಗಿ ನಿಂತಿದ್ದಾರೆ. ತೇಜಸ್ವಿನಿ ಕೈಯಲ್ಲಿ ಡಬ್ಬಿ ಇದೆ. ಅನ್ನ ಹಾಕಿಸಿಕೊಳ್ಳುತ್ತಿದ್ದಾಳೆ. ಈಗ ಪ್ರಿಯಾಂಕನ ಪಕ್ಕ ಕೂರುತ್ತಿದ್ದಾಳೆ. ಮುಚ್ಚಳವನ್ನು ಕೆಳಗಿಡಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡು ಹೆಸರಿನ ಮೇಲೆ ಬೆರಳಾಡಿಸುತ್ತಾ ತಿನ್ನುತ್ತಿದ್ದಾಳೆ. ಎರಡು ಹೆಸರಿನ ಮೇಲೂ.

ಮನೆಯಲ್ಲಿ ಇನ್ನೂ ಒಮ್ಮೊಮ್ಮೆ ಎದ್ದು ಎಲ್ಲರನ್ನೂ ಮುಟ್ಟಿ ನೋಡುತ್ತಾಳಂತೆ. ಈಗ ಅಲ್ಲಾಡಿಸುವುದಿಲ್ಲವಂತೆ, ಮುಟ್ಟಿ ಬಂದು ಮಲಗುತ್ತಾಳಂತೆ.

ಪಾಠ ಮತ್ತೆ ಶುರುವಾಗಿದೆ. ಕಾಫಿ, ಬಸ್ಸು, ಮುದ್ದೆ ಎಲ್ಲಕ್ಕೂ ಕೂಗುತ್ತಾರೆ. ನಿದ್ದೆಯ ವಾಕ್ಯವೂ ಪುಸ್ತಕದಲ್ಲಿದೆ. ಅದು ಬಂದಾಗ ನಾನೂ ಅವರೂ ಸುಮ್ಮನೆ ಪುಟ ತಿರುಗಿಸುತ್ತೇವೆ.

ಶ್ರೀಲತಾ